ಅಜ್ಜಿಯ ಹದಿಮೂರು ಅನಾಥರು

ದಿಲ್ಲಿಯ ಕಿದ್ವಾಯಿ ನಗರದಲ್ಲಿ ಗಿರಿಜಜ್ಜಿಯ ಮನೆಯೊಳಗೆ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಮಾಜಾಂಗ್ ಎಂಬ ಚೀನೀ ಕಾಯಿಯಾಟದ ಮೇಜು ಹಾಕುತ್ತಾರೆ. ಆ ಮೇಜಿನ ನಾಲ್ವರಲ್ಲಿ ದಡ್ಡಿ ಎಂದರೆ ನಾನೇ. ಆಟಕ್ಕೆ ಕೂತು ಆರು ತಿಂಗಳಾದರೂ, ಯಾರು ಯಾವ ಕಾಯಿ ಎಸೆದರೂ ಅದರ ಹೆಸರನ್ನು ಬಾಯಿಬಿಟ್ಟು ಹೇಳದಿದ್ದರೆ ನನ್ನ ತಲೆಗೆ ಹತ್ತುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ‘ಮೂರು ಬಿದಿರು’, ‘ಎಂಟು ಬಿಲ್ಲೆ’, ‘ಬಡಗಣ ಗಾಳಿ’ ಎಂದು ನಾನು ಶಾಲೆಯ ಹಾಜರಿ ಕೂಗಿದ ಹಾಗೆ ಕೂಗುತ್ತಿದ್ದೆ.

“ನನ್ನ ಮಗ ಎರಡನೇ ಕ್ಲಾಸಲ್ಲಿ ಮಗ್ಗಿ ಹೀಗೇ ಹೇಳ್ತಿದ್ದ ಸಿಂಧೂರ,” ಎನ್ನುತ್ತಿದ್ದರು ಸಂಯುಕ್ತಾ ಆಂಟಿ. “ಮೂರನೇ ಕ್ಲಾಸಿಗೆ ನಿಲ್ಲಿಸಿದ.” ಅವರ ಗಂಡ ಕರ್ನಲ್. ಆಂಟಿ ಅವರ ಜೊತೆ ಇಪ್ಪತ್ತೈದು ವರ್ಷದಲ್ಲಿ ಹದಿನಾಲ್ಕು ಊರು ಕಂಡವರು. ಹೋದಲ್ಲೆಲ್ಲ ಅಧಿಕಾರಿಗಳ ಹೆಂಡಂದಿರ ಜೊತೆ ಈ ಆಟ ಆಡಿದವರು.

“ಕಲೀತಾಳೆ ಬಿಡು,” ಎನ್ನುತ್ತಿದ್ದರು ಗಿರಿಜಜ್ಜಿ.

ನನ್ನ ಅಜ್ಜಿ ಚಿಣ್ಣಮ್ಮ ಮಾತ್ರ ಎದೆಯೆತ್ತಿ ನನ್ನ ಪರ ವಹಿಸುತ್ತಿದ್ದಳು. “ನಮ್ಮ ಕಾಲದಲ್ಲಿ ಎಲ್ಲರೂ ಹೆಸರು ಹೇಳಿಯೇ ಎಸೀತಿದ್ರು. ನಿಮಗೆ ಈಗ ಬಾಯಿ ಸೋಮಾರಿ.”

ನಿಜ ಹೇಳಬೇಕೆಂದರೆ ಕಾಯಿಗಳ ಹೆಸರು ನನಗೆ ಐದು ವರ್ಷದವಳಿದ್ದಾಗಿನಿಂದ ಗೊತ್ತು. ನಾನು ಕೂಗುತ್ತಿದ್ದದ್ದು ಅಜ್ಜಿಗಾಗಿ. ಅವಳ ಎರಡೂ ಕಣ್ಣಿನ ನಡುಭಾಗ ಮಸುಕಾಗಿತ್ತು. ಅಂಚು ಕಾಣುತ್ತಿತ್ತು, ನಡು ಕಾಣುತ್ತಿರಲಿಲ್ಲ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಮೇಜು ಕಾಣುತ್ತದೆ, ಮೇಜಿನ ಮೇಲೆ ಬಿದ್ದ ಕಾಯಿಯ ಗುರುತು ಕಾಣುವುದಿಲ್ಲ. ಅವಳ ಕೈಯೊಳಗಿನ ಕಾಯಿಗಳ ಚಿಂತೆಯಿರಲಿಲ್ಲ. ಆಟಕ್ಕೆ ಒಯ್ಯುತ್ತಿದ್ದದ್ದು ನಮ್ಮ ಮನೆಯ ಹಳೆಯ ಸೆಟ್ಟು, ಅಜ್ಜ ಕರುಂಬಯ್ಯ ಕಾಲಿಂಪಾಂಗ್‌ನಲ್ಲಿದ್ದಾಗ ಕೊಂಡದ್ದು. ಬಿದಿರಿನ ಬೆನ್ನು, ಮೂಳೆಯ ಮುಖ, ಮುಖದ ಮೇಲೆ ಆಳವಾಗಿ ಕೊರೆದ ಗುರುತು. ಕಾಯಿಯನ್ನು ಮೇಜಿನ ಅಂಚಿನ ಕೆಳಗೆ ಹಿಡಿದು ಹೆಬ್ಬೆರಳನ್ನು ಒಮ್ಮೆ ಆಡಿಸಿದರೆ ಸಾಕು, ಅವಳಿಗೆ ಕಾಯಿ ತಿಳಿಯುತ್ತಿತ್ತು. ಬೇರೆಯವರು ಎಸೆದದ್ದನ್ನು ಮಾತ್ರ ಮುಟ್ಟಿ ನೋಡುವಂತಿಲ್ಲ.

ಡಾಕ್ಟರ ಹತ್ತಿರ ಹೋಗಿ ಬಂದ ದಿನ ನೋಯ್ಡಾದ ನಮ್ಮ ಮನೆಯಲ್ಲಿ ಅಜ್ಜಿ ಸೆಟ್ಟು ತೆಗೆದು ಹರವಿದಳು. “ಶನಿವಾರದ ಆಟಕ್ಕೆ ಒಬ್ಬರು ಕಡಿಮೆ. ನೀನು ಬಾ. ಜೋರಾಗಿ ಹೇಳ್ತಾ ಆಡು. ನಿನ್ನದೂ, ಬೇರೆಯವರದೂ,” ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಒಬ್ಬರು ಕಡಿಮೆಯಾದದ್ದು ಹೇಗೆ ಎಂಬುದನ್ನೂ ಹೇಳಬೇಕು. ನಾನು ಕೂರುತ್ತಿದ್ದ ಕುರ್ಚಿ ಅಹಲ್ಯಾ ಅಜ್ಜಿಯದು. ಮೂವತ್ತು ವರ್ಷ ಜೊತೆಗೆ ಆಡಿದವರು. ಅವರ ಕೈ ನಡುಗತೊಡಗಿ, ಕಟ್ಟಿದ ಕಾಯಿಗಳು ಉರುಳಿ, ಮುಖ ಮೇಲಾಗಿ ಎಲ್ಲರಿಗೂ ಕಾಣತೊಡಗಿದಾಗ ಗಿರಿಜಜ್ಜಿ ಸುಮ್ಮನಿದ್ದರು, ಸಂಯುಕ್ತಾ ಆಂಟಿ ಸುಮ್ಮನಿದ್ದರು. ನನ್ನ ಅಜ್ಜಿ ಹೇಳಿದಳು: “ಕೈ ನಿಲ್ಲದವರು, ಕಣ್ಣು ಕಾಣದವರು ತಾವಾಗಿ ಕುರ್ಚಿ ಬಿಡೋದು ಮರ್ಯಾದೆ ಅಹಲ್ಯಾ. ನಾಳೆ ನನಗೂ ಇದೇ ಮಾತು.” ಅಹಲ್ಯಾ ಅಜ್ಜಿ ಅರ್ಧ ಕಪ್ ಚಹಾ ಬಿಟ್ಟು ಎದ್ದು ಹೋದರು. ಈಗ ರೋಹಿಣಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಎರಡು ವರ್ಷದಿಂದ ಅವರು ಇತ್ತ ಬಂದಿಲ್ಲ. ನಾನು ಬರುವ ತನಕ ಒಂದೂವರೆ ವರ್ಷ ಆ ಕುರ್ಚಿಗೆ ಯಾರುಯಾರೋ ಬಂದುಹೋದರು, ಯಾರೂ ನಿಲ್ಲಲಿಲ್ಲ.

ಹಾಗಾಗಿ ಪ್ರತಿ ಶನಿವಾರ ನನ್ನ ಬಾಯಿಯ ಮೇಲೆ ಅಜ್ಜಿಯ ಕುರ್ಚಿ ನಿಂತಿರುತ್ತಿತ್ತು. ವಾರವೆಲ್ಲ ಅವಳು ಆ ಒಂದು ಮಧ್ಯಾಹ್ನಕ್ಕಾಗಿಯೇ ಕಾಯುತ್ತಿದ್ದಳು. ಶುಕ್ರವಾರವೇ ಸೀರೆ ತೆಗೆದಿಡುತ್ತಿದ್ದಳು.

ಬೇರೆ ಮಕ್ಕಳಿಗೆ ರಾಜಕುಮಾರಿಯ ಕಥೆ ಹೇಳಿದರೆ ನನಗೆ ಅಜ್ಜಿ ಹೇಳುತ್ತಿದ್ದದ್ದು ಮಾಜಾಂಗ್‌ನ ಅಪರೂಪದ ಕೈಗಳ ಕಥೆ. ಆ ಹೆಸರುಗಳೇ ಹಾಗಿದ್ದವು. ಮುಖ ಕೆಳಗಾಗಿ ಗೋಡೆಯಂತೆ ಕಟ್ಟಿಟ್ಟು, ಸರದಿಯಂತೆ ಒಂದೊಂದೇ ತೆಗೆಯುವ ಕಾಯಿಗಳಲ್ಲಿ ಕಟ್ಟಕಡೆಯದು ಬಿಲ್ಲೆಯ ಒಂದು ಆಗಿದ್ದು, ಅದರಿಂದಲೇ ಗೆದ್ದರೆ ಅದು ಸಮುದ್ರದ ತಳದಿಂದ ಚಂದ್ರನನ್ನು ಎತ್ತುವುದು. ಪ್ರತಿ ಕಾಯಿಯೂ ನಾಲ್ಕಿರುತ್ತವೆ, ಆ ನಾಲ್ಕೂ ಒಬ್ಬರಲ್ಲೇ ಸೇರಿದಾಗ ಗೋಡೆಯ ಹಿಂತುದಿಯಿಂದ ಒಂದು ಕಾಯಿ ಹೆಚ್ಚಾಗಿ ಸಿಗುತ್ತದೆ; ಆ ಕಾಯಿ ಹೂವಿನಂತೆ ಜೋಡಿಸಿದ ಐದು ಬಿಲ್ಲೆಯಾಗಿದ್ದು, ಅದರಿಂದ ಆಟ ಮುಗಿದರೆ ಸೂರಿನ ಮೇಲಿನ ಹೂವು ಕಿತ್ತಂತೆ. ಜ್ವರ ಬಂದಾಗ ನಾನು ಎಷ್ಟೋ ಸಲ ಆ ಸೂರು ಹತ್ತಿದ್ದೇನೆ.

ಅಜ್ಜಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಹದಿಮೂರು ಅನಾಥರು. ಸಾಧಾರಣವಾಗಿ ಗೆಲ್ಲಲು ಬಂಧುಬಳಗ ಬೇಕು: ಒಂದೇ ತರಹದ ಮೂರು, ಅಥವಾ ಒಂದರ ಹಿಂದೆ ಒಂದು ಬರುವ ಮೂರು, ಹೀಗೆ ನಾಲ್ಕು ಗುಂಪು, ಕೊನೆಗೊಂದು ಜೋಡಿ. ಅನಾಥರಿಗೆ ಬಳಗವಿಲ್ಲ. ಬಿದಿರು, ಬಿಲ್ಲೆ, ಅಕ್ಷರ ಎಂಬ ಮೂರು ಕುಲಗಳ ಒಂದು ಮತ್ತು ಒಂಬತ್ತು, ನಾಲ್ಕು ದಿಕ್ಕಿನ ಗಾಳಿ, ಮೂರು ಬಣ್ಣದ ಡ್ರ್ಯಾಗನ್. ಹದಿಮೂರೂ ಒಂಟಿ. “ಒಬ್ಬರಿಗೊಬ್ಬರು ಸಂಬಂಧ ಇಲ್ಲ. ಆದರೆ ಮಳೆ ಬಂತು ಅಂತ ಹದಿಮೂರು ಜನ ಒಂದೇ ಮನೆಗೆ ಬಂದ್ರು,” ಎನ್ನುತ್ತಿದ್ದಳು ಅಜ್ಜಿ. “ಅಷ್ಟರಲ್ಲಿ ಹದಿನಾಲ್ಕನೆಯವನು ಬಾಗಿಲು ತಟ್ಟಿದ. ನೋಡಿದರೆ ಅವರಲ್ಲೇ ಒಬ್ಬನ ಅವಳಿ.” ಆ ಅವಳಿ ಯಾರದಾದರೂ ಆಗಬಹುದು. ಆದರೆ ಹದಿಮೂರು ಜನರಲ್ಲಿ ಒಬ್ಬ ತಪ್ಪಿದರೂ ಮನೆ ಇಲ್ಲ. ಐವತ್ತೆರಡು ವರ್ಷದ ಆಟದಲ್ಲಿ ಅಜ್ಜಿ ಆ ಮನೆ ಕಟ್ಟಿ ಮುಗಿಸಿರಲಿಲ್ಲ.

ಫೆಬ್ರವರಿಯ ಒಂದು ಶನಿವಾರ. ಬಾಲ್ಕನಿಯಿಂದ ಬಂದ ಬಿಸಿಲು ಮೇಜಿನ ಅರ್ಧಕ್ಕೆ ನಿಂತಿತ್ತು. ಅಜ್ಜಿಯ ನಂತರ ಸಂಯುಕ್ತಾ ಆಂಟಿ, ಅವರ ನಂತರ ಗಿರಿಜಜ್ಜಿ, ಆಮೇಲೆ ನಾನು, ನನ್ನ ನಂತರ ಮತ್ತೆ ಅಜ್ಜಿ: ಸರದಿ ಹೀಗೆ ಸುತ್ತುತ್ತಿತ್ತು. ಒಬ್ಬರು ಎಸೆದದ್ದು ಬೇಕೆಂದರೆ ಮುಂದಿನವರು ಗೋಡೆಯಿಂದ ಕಾಯಿ ತೆಗೆಯುವುದರೊಳಗೆ ಕೇಳಬೇಕು. ಆಮೇಲೆ ಕೇಳಿದರೆ ಇಲ್ಲ.

ಆ ಆಟದಲ್ಲಿ ನನ್ನ ಕೈಗೆ ಏನೋ ಬಂದಿತ್ತು. ಏಳು ಬಿದಿರು ಮೂರು ಕೂತಿದ್ದವು. ಉಳಿದ ಗುಂಪುಗಳೂ ಕೂಡಿದ್ದವು. ಜೋಡಿಗೆ ಬೇಕಾಗಿದ್ದದ್ದು ಐದು ಬಿಲ್ಲೆ ಒಂದೇ. ಯಾರು ಎಸೆದರೂ ಗೆದ್ದೆ. ಆದರೆ ನಾಲ್ಕನೆಯ ಏಳು ಬಿದಿರು ಬಂದು, ಗೋಡೆಯ ಹಿಂತುದಿಯಿಂದ ಐದು ಬಿಲ್ಲೆಯೇ ಬಂದರೆ? ಸೂರಿನ ಮೇಲಿನ ಹೂವು. ನನ್ನ ಕಿವಿ ಬಿಸಿಯಾಯಿತು.

ಹಾಗಿರುವಾಗಲೇ ಗಿರಿಜಜ್ಜಿ ಐದು ಬಿಲ್ಲೆ ಎಸೆದರು.

“ಐದು ಬಿಲ್ಲೆ,” ಎಂದೆ. ನಾಲಗೆಗೆ ಅದು ಅಭ್ಯಾಸ. ಗೆದ್ದೆ ಎನ್ನಬೇಕಿತ್ತು. ಅನ್ನಲಿಲ್ಲ. ಸಾದಾ ಗೆಲುವು ಮೇಜಿನ ಮೇಲೆ ಬಿದ್ದಿತ್ತು. ನಾನು ಅದನ್ನು ಬಿಟ್ಟು ಸೂರಿನ ಕಡೆ ನೋಡುತ್ತಿದ್ದೆ. ನನ್ನ ಸರದಿ. ಗೋಡೆಯಿಂದ ಕಾಯಿ ಎತ್ತಿದೆ. ಏಳು ಬಿದಿರಲ್ಲ. ಬೇಡದ ಕಾಯಿ. ಎಸೆದೆ. ಆಗ ಕೆಳಗೆ ಹಳೇ ಸಾಮಾನು ತೂಕಕ್ಕೆ ಕೊಳ್ಳುವ ಕಬಾಡಿವಾಲಾ ಭಯ್ಯಾನ ಗಾಡಿಯ ಧ್ವನಿವರ್ಧಕ ‘ಪುರಾನಾ ಫ್ರಿಜ್, ಪುರಾನಾ ಕೂಲರ್’ ಎಂದು ಶುರುವಾಯಿತು. ಸಂಯುಕ್ತಾ ಆಂಟಿ “ನನ್ನ ಗಂಡನ್ನೂ ತೂಕಕ್ಕೆ ಹಾಕಿ ಕೊಡ್ಲಾ?” ಎಂದರು. ಗಿರಿಜಜ್ಜಿ ನಕ್ಕರು.

ಅಜ್ಜಿ ಒಂದು ಉಸಿರಿನಷ್ಟು ಹೊತ್ತು ನನ್ನ ಕಡೆ ಕಿವಿ ವಾಲಿಸಿದ್ದು ನನಗೆ ಕಂಡಿತು. ಯಾಕೆ ಎಂದು ತೋಚಲಿಲ್ಲ. ಅವಳು ಕೈ ಚಾಚಿ ಗೋಡೆಯಿಂದ ತನ್ನ ಕಾಯಿ ತೆಗೆದುಕೊಂಡಳು, ಹೆಬ್ಬೆರಳು ಆಡಿಸಿದಳು, ಎಸೆದಳು. “ಆರು ಅಕ್ಷರ,” ಎಂದೆ ನಾನು.

ಆಟ ಸುತ್ತಿತು. ನನ್ನ ನಾಲ್ಕನೆಯ ಏಳು ಬಿದಿರನ್ನು ಎರಡು ಸುತ್ತಿನ ನಂತರ ಸಂಯುಕ್ತಾ ಆಂಟಿ ಎಸೆದರು. ಮೂರು ಇಟ್ಟುಕೊಂಡವಳು ಅದನ್ನು ಕೇಳಬಹುದಿತ್ತು. ಕೇಳಿದೆ. ಹಿಂತುದಿಯ ಕಾಯಿ ತೆಗೆದು ತಿರುಗಿಸಿದೆ. ಎರಡು ಅಕ್ಷರ. ಹೂವಿಲ್ಲ, ಏನಿಲ್ಲ.

ಕನಸು ಇಳಿದಾಗ ಮನುಷ್ಯರಿಗೆ ಕಿವಿ ಮರಳಿ ಬರುತ್ತದೆ. ನನಗೂ ಬಂತು. ಸುತ್ತು ಮುಂದುವರಿದಂತೆ ನಾನು ಅಜ್ಜಿಯ ಕಾಯಿಗಳನ್ನು ಕೂಗುತ್ತಿದ್ದೆ: ‘ನಾಲ್ಕು ಬಿಲ್ಲೆ.’ ‘ಐದು ಅಕ್ಷರ.’ ಆಮೇಲೆ ‘ಮೂರು ಬಿದಿರು.’ ನನ್ನ ಧ್ವನಿ ನನಗೇ ಕೇಳಿಸಿತು. ಈ ಆಟ ಶುರುವಾದಾಗಿನಿಂದ ಅಜ್ಜಿಯ ಪಾಲಿಗೆ ನಾನು ಒಂದು ಸಲವೂ ಒಂದು ಎನ್ನಲಿಲ್ಲ, ಒಂಬತ್ತು ಎನ್ನಲಿಲ್ಲ. ಒಂದು ಗಾಳಿಯನ್ನೂ ಕೂಗಲಿಲ್ಲ. ಬರೀ ನಡುವಿನ ಕಾಯಿಗಳು. ಅವಳು ನಡುವನ್ನೆಲ್ಲ ಬಿಟ್ಟು ಅಂಚುಗಳನ್ನು ಕೂಡಿಡುತ್ತಿದ್ದಳು.

ಮೇಜಿನ ನಡುವೆ ಬಿದ್ದ ಕಾಯಿಗಳನ್ನು ನೋಡಿದೆ. ಪಡುವಣ ಗಾಳಿ ಮೂರು ಬಿದ್ದಿದ್ದವು. ಎರಡನ್ನು ಮೊದಲೇ ಕೂಗಿದ್ದು ನೆನಪಿತ್ತು. ಮೂರನೆಯದು ನನ್ನ ಮುಂದೆಯೇ, ಗಿರಿಜಜ್ಜಿಯ ಐದು ಬಿಲ್ಲೆಗೆ ಒರಗಿಕೊಂಡು ಬಿದ್ದಿತ್ತು. ಅದನ್ನು ಎಸೆದವಳು ನಾನು. ಹೆಸರು ಹೇಳದೆ.

ಅವಳಿಗೆ ಬೇಕಾದದ್ದು ಅದೇ ಎಂದು ಯಾರು ಹೇಳಿದರು ಎಂದು ನನಗೆ ನಾನೇ ವಾದ ಹೂಡಿದೆ. ಬೇರೆ ಯಾವುದೋ ಇರಬಹುದು. ಅಷ್ಟರಲ್ಲಿ ಗೋಡೆ ಮುಗಿಯಿತು. ಯಾರೂ ಗೆಲ್ಲಲಿಲ್ಲ.

ಗೆಲುವಿಲ್ಲದ ಆಟದಲ್ಲಿ ಕೈ ತೋರಿಸುವ ಅಗತ್ಯವಿಲ್ಲ. ಕಾಯಿಗಳನ್ನು ಮಗುಚಿ ಕಲಸಿ ಮುಂದಿನ ಆಟ ಹಾಕುತ್ತಾರೆ. ನಾನು ಎದ್ದು ಎರಡೂ ಕೈ ಚಾಚಿ, “ಚಲೋ, ನಾನೇ ಕಲಸ್ತೀನಿ,” ಎಂದು ಅಜ್ಜಿಯ ಕಾಯಿಗಳ ಮೇಲೇ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ತಾಳೇ. ಇದನ್ನ ಇವರಿಗೆ ತೋರಿಸೋಕಿದೆ.”

“ಬೇಡ ತಾಯೀ.” ಕೊಡವರಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ.

“ಐವತ್ತೆರಡು ವರ್ಷದಲ್ಲಿ ಇಷ್ಟು ಹತ್ತಿರ ಬಂದಿರಲಿಲ್ಲ ಕಣೇ,” ಎಂದು ಅವಳು ಹದಿಮೂರು ಕಾಯಿಗಳನ್ನೂ ಒಂದೇ ಸಲ ಮುಖ ಮೇಲೆ ಮಾಡಿ ಮಲಗಿಸಿದಳು. ಒಂದುಗಳು, ಒಂಬತ್ತುಗಳು, ಡ್ರ್ಯಾಗನ್‌ಗಳು, ಮೂಡಣ, ತೆಂಕಣ, ಬಡಗಣ. ಒಂಬತ್ತು ಬಿಲ್ಲೆ ಎರಡು, ಅವಳಿ. “ನೋಡಿ. ಪಡುವಣ ಒಂದು ಬರಲಿಲ್ಲ. ಆರು ಸುತ್ತು ಕಾದೆ.”

ಅವಳ ಮುಖ ಹೊಳೆಯುತ್ತಿತ್ತು. ಗಿರಿಜಜ್ಜಿ ಮೇಜಿನ ನಡುವೆ ಬಿದ್ದ ಕಾಯಿಗಳ ಕಡೆ ನೋಡಿದರು.

“ಆಂಟಿ,” ಎಂದರು ಸಂಯುಕ್ತಾ ಆಂಟಿ ಕೊನೆಗೆ. “ವೆಸ್ಟ್ ಬಿತ್ತಲ್ಲ.”

“ಎರಡು ಬಿದ್ದಿವೆ, ಗೊತ್ತು. ಅದು ನನಗೆ ಹನ್ನೆರಡು ಕೂಡೋಕೆ ಮುಂಚೆ.”

“ಮೂರು. ಸಿಂಧೂರ ಎಸೆದಳು. ನಿಮ್ಮ ಮುಂದೇನೇ.”

ಅಜ್ಜಿಯ ಕೈ ಇನ್ನೂ ಕಾಯಿಗಳ ಮೇಲಿತ್ತು. ಮುಖದ ಹೊಳಪು ಒಮ್ಮೆಗೇ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಹೋಯಿತು. ಹದಿಮೂರು ಅನಾಥರಿಗೆ ಕಾಯುವವರು ಬಿದ್ದ ಪಡುವಣವನ್ನು ಸುಮ್ಮನೆ ಬಿಡುವುದಿಲ್ಲ ಎಂಬುದು ಆ ಮೇಜಿನಲ್ಲಿ ಎಲ್ಲರಿಗೂ ಗೊತ್ತು. ಗಿರಿಜಜ್ಜಿ ಮೇಜಿನಿಂದ ಒಂದು ಕಾಯಿ ಎತ್ತಿ ಅಜ್ಜಿಯ ಮುಖದ ಎದುರು ಹಿಡಿದರು.

“ಇದು ಯಾವುದು ಹೇಳು ಚಿಣ್ಣಮ್ಮ.”

ಅಜ್ಜಿ ಅಂಗೈ ಚಾಚಿದಳು. ಕಾಯಿಯನ್ನು ಹೆಬ್ಬೆರಳಿಗೆ ಕೊಟ್ಟರೆ ಹೇಳಿಬಿಡುತ್ತಿದ್ದಳು. ಗಿರಿಜಜ್ಜಿ ಕೊಡಲಿಲ್ಲ. ಚಾಚಿದ ಅಂಗೈ ಸ್ವಲ್ಪ ಹೊತ್ತು ಹಾಗೇ ಇದ್ದು, ಮೇಜಿನ ಮೇಲೆ ಇಳಿಯಿತು.

“ಎಷ್ಟು ದಿನದಿಂದ?”

“ಪುತ್ತರಿ ಹಬ್ಬಕ್ಕೂ ಮುಂಚಿನಿಂದ. ಆರು ತಿಂಗಳು.”

“ತಪ್ಪು ನಂದು ಗಿರಿಜಜ್ಜಿ,” ಎಂದೆ. “ನಾನು ಕೂಗೋದು ಮರೆತೆ. ನಾನು...”

“ಸುಮ್ಮನಿರು,” ಎಂದಳು ಅಜ್ಜಿ. “ನಿನ್ನ ತಪ್ಪು ಬೇರೆ. ಅದನ್ನ ಮನೇಲಿ ನೋಡೋಣ.”

ಗಿರಿಜಜ್ಜಿಗೆ ಸಿಟ್ಟು ಬರುವುದನ್ನು ನಾನು ಅದೇ ಮೊದಲು ನೋಡಿದ್ದು. ಅವರು ದನಿ ಏರಿಸಲಿಲ್ಲ. “ನಿನಗೆ ಕಾಣದ್ದಕ್ಕೆ ನನಗೇನೂ ಇಲ್ಲ. ನನ್ನ ಮೊಣಕಾಲು ನೋಡು, ನಾಳೆ ನಾನೂ ಬೀಳ್ತೀನಿ. ಆದರೆ ಅಹಲ್ಯಾಗೆ ನೀನು ಆ ಮಾತು ಹೇಳಿದ್ದು ಇದೇ ಕುರ್ಚೀಲಿ ಕೂತು. ಅವಳು ಆ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ಳೋಕೆ ಐದು ನಿಮಿಷ ಒದ್ದಾಡಿದಳು. ನಾವು ಮೂವರೂ ನೋಡ್ತಾ ಕೂತಿದ್ವಿ.”

“ಹೌದು,” ಎಂದಳು ಅಜ್ಜಿ. ಎದ್ದು, ಕುರ್ಚಿಯನ್ನು ಮೇಜಿನೊಳಗೆ ತಳ್ಳಿ, ದಿವಾನದ ಮೇಲೆ ಹೋಗಿ ಕೂತಳು. “ಮಾತು ಮಾತೇ. ಬಿಟ್ಟೆ. ಸಿಂಧೂರ, ಅಹಲ್ಯಾಗೆ ಫೋನ್ ಹಚ್ಚು. ಎಲ್ಲರಿಗೂ ಕೇಳೋ ಹಾಗೆ ಹಚ್ಚು.”

ಹಚ್ಚಿದೆ. ಬಹಳ ಹೊತ್ತು ರಿಂಗಾಯಿತು.

“ನಾನು ಚಿಣ್ಣಮ್ಮ.”

ಆ ಕಡೆಯಿಂದ ಅಹಲ್ಯಾ ಅಜ್ಜಿ: “ಯಾರು ಹೋದ್ರು?”

“ಯಾರೂ ಹೋಗಿಲ್ಲ. ನನ್ನ ಕಣ್ಣು ಹೋಗಿದೆ. ನಡು ಹೋಗಿದೆ, ಅಂಚು ಇದೆ.”

“ಅಯ್ಯೋ ಪಾಪ,” ಎಂದರು ಅಹಲ್ಯಾ ಅಜ್ಜಿ. ಮನಸ್ಸಿನಿಂದಲೇ ಹೇಳಿದಂತಿತ್ತು. “ಮತ್ತೆ ಆಟ?”

“ಆಡ್ತಿದ್ದೆ. ಯಾರಿಗೂ ಹೇಳದೆ. ಮೊಮ್ಮಗಳು ಕಾಯಿ ಕೂಗ್ತಿದ್ಲು, ನಾನು ಕೇಳಿಸ್ಕೊಂಡು ಆಡ್ತಿದ್ದೆ. ಇವತ್ತು ಸಿಕ್ಕಿಬಿದ್ದೆ.” ಅಜ್ಜಿ ಸೆರಗಿನ ತುದಿಯನ್ನು ಮಡಿಸಿದಳು, ಬಿಚ್ಚಿದಳು. “ನಾನು ಕುರ್ಚಿ ಬಿಟ್ಟಿದ್ದೀನಿ. ನಿನ್ನ ಕುರ್ಚಿ ನಿನಗೇ. ಬಾ ಅಹಲ್ಯಾ.”

“ನನಗೆ ಬೇಡ.”

“ಇನ್ನೂ ಸಿಟ್ಟಾ?”

“ಸಿಟ್ಟು ಮೊದಲನೇ ವರ್ಷ ಇತ್ತು. ಆಮೇಲೆ ಸಮಾಧಾನ ಮಾಡ್ಕೊಂಡೆ. ಚಿಣ್ಣಮ್ಮ ನ್ಯಾಯಸ್ಥೆ, ಕೈ ನಡುಗೋರು ಆಡಬಾರದು ಅಂದದ್ದು ಸರಿಯೇ, ತನಗೂ ಅದೇ ಅಳತೆ ಅಂದಿದ್ದಾಳೆ ಅಂತ. ಆ ಒಂದು ಮಾತು ಹಿಡ್ಕೊಂಡು ಈ ಮನೇಲಿ ಕೂತಿದ್ದೆ. ಈಗ ಅದನ್ನೂ ಕಿತ್ಕೊಂಡೆಯಲ್ಲೇ.”

ಸಂಯುಕ್ತಾ ಆಂಟಿ ಬಾಲ್ಕನಿಯ ಕಡೆ ಮುಖ ತಿರುಗಿಸಿಕೊಂಡರು.

“ತಪ್ಪಾಯ್ತು,” ಎಂದಳು ಅಜ್ಜಿ.

“ಹೌದು, ಆಯ್ತು.”

“ಹೇಳಿದ್ದು ತಪ್ಪು. ಹೇಳಿ, ನಾನೇ ಹಾಗೆ ನಡೆಯದೇ ಇದ್ದದ್ದು ಇನ್ನೂ ತಪ್ಪು.”

“ಯಾವುದು ಹೆಚ್ಚು ಅಂತ ತೂಗೋಕೆ ನನ್ನ ಕೈಲಾಗಲ್ಲ. ತಕ್ಕಡಿ ನಡುಗುತ್ತೆ.” ಆ ಕಡೆಯಿಂದ ಸಣ್ಣ ನಗುವಿನಂಥದ್ದು ಕೇಳಿಸಿತು, ಅಥವಾ ಕೆಮ್ಮು ಇರಬೇಕು. “ಯಾವ ಕೈಯಲ್ಲಿ ಸಿಕ್ಕಿಬಿದ್ದೆ?”

“ಹದಿಮೂರು ಅನಾಥರು. ಪಡುವಣ ಕಣ್ಣ ಮುಂದೆ ಬಿದ್ದಿತ್ತು. ಎತ್ಕೊಳ್ಳಲಿಲ್ಲ.”

ಮೂವತ್ತು ವರ್ಷ ಎದುರು ಕೂತು ಆಡಿದವರಿಗೆ ಮಾತ್ರ ಅದರ ತೂಕ ಗೊತ್ತು.

“ಅದಕ್ಕಿಂತ ಹೆಚ್ಚು ಶಿಕ್ಷೆ ನಾನೇನು ಕೊಡ್ಲಿ?” ಎಂದರು ಅಹಲ್ಯಾ ಅಜ್ಜಿ. “ನೀನು ಕುರ್ಚಿ ಬಿಟ್ಟರೆ ನನಗೇನು ಸಿಗುತ್ತೆ ಹೇಳು. ನೋಯ್ಡಾದಲ್ಲಿ ಇನ್ನೊಬ್ಬ ಮುದುಕಿ ಟೀವಿ ಮುಂದೆ ಕೂರ್ತಾಳೆ. ಹೋಗಿ ಕೂತ್ಕೋ. ನಾಚಿಕೆ ಪಟ್ಕೊಂಡೇ ಕೂತ್ಕೋ. ಆದರೆ ಕೂತ್ಕೋ. ಗಿರಿಜಾ ಇದ್ದಾಳಾ ಅಲ್ಲಿ?”

“ಇದ್ದೀನಿ,” ಎಂದರು ಗಿರಿಜಜ್ಜಿ.

“ನಿಮಗೂ ಬಾಯಿ ಇದೆಯಲ್ಲ. ಒಂದು ಮಗು ಕೈಲಿ ಯಾಕೆ ಕೂಗಿಸ್ತೀರ? ನನಗೂ ಅವತ್ತು ಒಂದು ಮರದ ಪಟ್ಟಿ ಸಾಕಿತ್ತು, ಕಾಯಿ ಉರುಳದ ಹಾಗೆ. ಯಾರಿಗೂ ಹೊಳೀಲಿಲ್ಲ. ಇಡ್ತೀನಿ, ಫಿಸಿಯೋದವಳು ಬಂದಿದ್ದಾಳೆ.”

ಫೋನು ಇಟ್ಟಾಯಿತು. ಗಿರಿಜಜ್ಜಿ ತಲೆ ತಗ್ಗಿಸಿ ಕಾಯಿಗಳನ್ನು ಮಗುಚತೊಡಗಿದರು. ಮೂಳೆ ಮೂಳೆಗೆ ತಾಗಿ ಸದ್ದಾಯಿತು. ನಾವು ಮೂವರೂ ನಾಲ್ಕು ಗೋಡೆ ಕಟ್ಟಿದೆವು. ನಾಲ್ಕನೆಯದನ್ನು ಯಾರಿಗಾಗಿ ಕಟ್ಟುತ್ತಿದ್ದೇವೆ ಎಂದು ಯಾರೂ ಹೇಳಲಿಲ್ಲ. ಅಜ್ಜಿ ದಿವಾನದಲ್ಲೇ ಕೂತಿದ್ದಳು. ಅವಳು ಏಳುವುದಿಲ್ಲ ಎಂದೇ ನಾನು ಅಂದುಕೊಂಡೆ.

“ಬಾ,” ಎಂದರು ಗಿರಿಜಜ್ಜಿ, ತಲೆ ಎತ್ತದೆ. “ಮೂವರಿಂದ ಆಟ ಆಗಲ್ಲ.”

“ನನಗೆ ಮುಖ ಇಲ್ಲ ಗಿರಿಜಾ.”

“ಹೆಂಗಿದ್ರೂ ನಮ್ಮ ಮುಖ ನಿನಗೆ ಕಾಣಲ್ಲ. ಬಾ.”

ಅಜ್ಜಿ ಬಂದು ಕೂತಳು. ನಗಲಿಲ್ಲ. ತಾನು ತೆಗೆದ ಕಾಯಿಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡು, ಎಲ್ಲರೆದುರಿಗೆ, ಆತುರವಿಲ್ಲದೆ ಬೆರಳಾಡಿಸಿದಳು. ನಾವು ಕಾದೆವು. ಅವಳು ಎಸೆಯುವಾಗ ನಾನು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದು ತಾನೇ ಹೇಳಿದಳು: “ಬಡಗಣ.”

ಮುಂದಿನ ಸರದಿ ಸಂಯುಕ್ತಾ ಆಂಟಿಯದು. ಎಸೆದು, “ಟೂ... ಅಲ್ಲ, ಎರಡು, ಎರಡು ಏನದು, ಬಿದಿರು,” ಎಂದು ಮೊದಲ ಸಲ ತಡವರಿಸಿದರು. ಗಿರಿಜಜ್ಜಿ ತಾವು ಎಸೆದ ಕಾಯಿಯ ಹೆಸರನ್ನು ಕಿವುಡರಿಗೆ ಹೇಳಿದ ಹಾಗೆ ಕಿರುಚಿದರು. “ಕಣ್ಣು ತಾನೆ ಹೋಗಿರೋದು, ಕಿವಿ ಇದೆ,” ಎಂದಳು ಅಜ್ಜಿ. “ಇದ್ರೆ ಕೇಳಿಸ್ಕೋ,” ಎಂದರು ಅವರು.

ಸಂಜೆ ಆರರೊಳಗೆ ಇನ್ನು ಎರಡೇ ಆಟ ಮುಗಿದವು. ಬೇರೆ ದಿನವಾದರೆ ಆರು ಆಗುತ್ತಿದ್ದವು. ಎರಡನ್ನೂ ಗಿರಿಜಜ್ಜಿಯೇ ಗೆದ್ದರು, ತೀರಾ ಸಾದಾ ಕೈಗಳಿಂದ.